ಸೂರ್ಯ ಹುಟ್ಟುವ ಮುಂಚಿನ ಮಂಗಳವಾರ

ನನ್ನ ಮೊಮ್ಮಗಳ ಶಾಲೆಯಲ್ಲಿ ಹಾಲುಹಲ್ಲು ಬೀಳಲು ಶುರುವಾಗುವ ತನಕ ಅಕ್ಷರ ಕಲಿಸುವುದಿಲ್ಲ. ಸೊಸೆ ಇದನ್ನು ಮೊದಲ ಸಲ ಹೇಳಿದಾಗ ನಾನು ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. "ಹಾಗಾದ್ರೆ ನನಗೂ ವಯಸ್ಸು ಸರಿಯಾಗಿದೆ ನೋಡು. ಮೇಲಿನವು ಎರಡು ಹೋಗಿವೆ, ಕೆಳಗಿನದೊಂದು ಅಲ್ಲಾಡ್ತಾ ಇದೆ. ನನ್ನೂ ಸೇರಿಸಿಬಿಡು" ಎಂದೆ. ಸೊಸೆ ಚೆನ್ನಾಗಿ ನಕ್ಕಳು. ಆದರೆ ಪುಟ್ಟಿಯನ್ನು ಅಲ್ಲಿಗೇ ಸೇರಿಸಿದಳು.

ಶಾಲೆ ಇರುವುದು ಮಲ್ಲತ್ತಹಳ್ಳಿ ಕೆರೆಯ ಕಡೆ. ಚಂದ್ರಾ ಲೇಔಟಿನ ನಮ್ಮ ಮನೆಯಿಂದ ಆಟೋದಲ್ಲಿ ಹೋದರೆ ಪುಟ್ಟಿಯ ಒಂದು ಪೂರ್ತಿ ಕಥೆ ಮುಗಿಯುವಷ್ಟು ದೂರ. ಸ್ಟೈನರ್ ಎಂಬ ಪರದೇಶದ ಗುರುವೊಬ್ಬ ಹಾಕಿಕೊಟ್ಟ ಪದ್ಧತಿ, ಅದಕ್ಕೇ ಸ್ಟೈನರ್ ಶಾಲೆ ಅನ್ನುತ್ತಾರೆ. ಊರಿನ ಹಳೆಯ ಒಕ್ಕಲು ಮನೆತನದವರೊಬ್ಬರು ಸೈಟು ಮಾಡದೆ ಉಳಿಸಿಕೊಂಡ ತೋಟದಲ್ಲಿ ಹೆಂಚು ಹೊದಿಸಿದ ನಾಲ್ಕಾರು ಕೋಣೆಗಳು, ನಡುವೆ ಒಂದು ಹೊಂಗೆ ಮರ. ಸುತ್ತ ಮೂರು ಕಡೆಯೂ ಬಾಡಿಗೆ ಮನೆಗಳು ಎದ್ದಿರುವುದರಿಂದ ಮಕ್ಕಳ ಹಾಡಿನ ಮಧ್ಯೆ ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ಟೀಚರುಗಳನ್ನು ಅಕ್ಕ, ಅಣ್ಣ ಎನ್ನಬೇಕು. ಒಂದನೇ ತರಗತಿಗೆ ಬಂದ ಅಕ್ಕ ಎಂಟನೇ ತರಗತಿಯವರೆಗೂ ಅದೇ ಮಕ್ಕಳ ಜೊತೆ ಮೇಲೆ ಹೋಗುತ್ತಾರೆ. ಪ್ರತಿ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಒಂದೊಂದು ಮಗುವಿನ ಕೈಯನ್ನೂ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಆಮೇಲೆ ಒಳಗೆ ಬಿಡುತ್ತಾರೆ. ಅಲ್ಲಿನ ಬಟ್ಟೆ ಗೊಂಬೆಗಳಿಗೆ ಕಣ್ಣಿಲ್ಲ, ಮೂಗಿಲ್ಲ. ನಗುವೋ ಅಳುವೋ, ಮಗುವೇ ಊಹಿಸಿಕೊಳ್ಳಲಿ ಎಂದಂತೆ. ಗಂಡುಹುಡುಗರೂ ಉಲ್ಲನ್ ದಾರ ಹಿಡಿದು ಹೆಣಿಗೆ ಹಾಕುತ್ತಾರೆ.

ಕುತೂಹಲ ನನಗೆ ಹುಟ್ಟುಗುಣ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಕೆಲಸದಲ್ಲಿದ್ದು ನಿವೃತ್ತಳಾದವಳು ನಾನು. ಜನರ ಮಾತು ಕೇಳಿಸಿಕೊಳ್ಳಬಾರದು ಎಂದು ನಿಯಮವಿತ್ತು, ಆದರೆ ಕಿವಿಗೆ ಬಾಗಿಲು ಎಲ್ಲಿದೆ? ಹಾಗಾಗಿ ಪುಟ್ಟಿಯನ್ನು ಬಿಡಲು ಹೋದವಳು ಹಿಂದಿರುಗುವ ಬದಲು ಹೊಂಗೆ ಮರದ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಮೊದಮೊದಲು ತಪ್ಪು ಹುಡುಕಲೆಂದೇ ಕೂತದ್ದು. ಅಲ್ಲಿ ದಿನಕ್ಕೊಂದು ಧಾನ್ಯ. ಸೋಮವಾರ ಮಕ್ಕಳಿಗೆ ಅಕ್ಕಿಯ ತಿಂಡಿ, ಮಂಗಳವಾರ ರಾಗಿ, ಬುಧವಾರ ಜೋಳ, ಹೀಗೆ. ಇದು ನಮ್ಮ ನವಗ್ರಹದ ನವಧಾನ್ಯವೇ ಅಲ್ಲವೇ ಎಂದು ನನಗೆ ಮೈ ಜುಮ್ಮೆಂದಿತು. ಅಕ್ಕನನ್ನು ಹಿಡಿದು ನಿಲ್ಲಿಸಿ, "ಸೋಮವಾರ ಅಕ್ಕಿ, ಸರಿಯಾಗಿದೆ. ಆದ್ರೆ ಮಂಗಳವಾರ ಕುಜನಿಗೆ ತೊಗರಿ ಕಣಮ್ಮ, ರಾಗಿ ಅಲ್ಲ" ಎಂದೆ.

ಅಕ್ಕ ಮೂವತ್ತು ದಾಟದ ತೆಳ್ಳಗಿನ ಹೆಣ್ಣುಮಗಳು. "ಅಮ್ಮ, ತೊಗರಿ ಗಂಜಿ ಮಾಡಿದ್ರೆ ಯಾರೂ ತಿನ್ನಲ್ಲ" ಎಂದರು ಗಂಭೀರವಾಗಿ. ಅಲ್ಲಿಂದ ನಮ್ಮಿಬ್ಬರಿಗೂ ಸ್ನೇಹ.

ಪುಟ್ಟಿ ಎರಡನೇ ತರಗತಿಗೆ ಬಂದಾಗ ನನಗೆ ಇನ್ನೊಂದು ಪದ್ಧತಿ ತಿಳಿಯಿತು. ಬೇಸಿಗೆ ರಜೆಯಲ್ಲಿ ಅಕ್ಕ ಒಂದೊಂದು ಮಗುವಿಗೂ ಒಂದೊಂದು ಪದ್ಯ ಬರೆಯುತ್ತಾರೆ. ಆ ಮಗು ಎಂಥದು, ಅದಕ್ಕೆ ಏನು ಬೇಕು ಎಂದು ಯೋಚಿಸಿ ಬರೆದದ್ದು. ಶಾಲೆ ಶುರುವಾದ ಮೇಲೆ ಆ ಮಗು ತಾನು ಹುಟ್ಟಿದ ವಾರ ಬಂದಾಗಲೆಲ್ಲ ತರಗತಿಯ ಮುಂದೆ ನಿಂತು ತನ್ನ ಪದ್ಯವನ್ನು ಹೇಳಬೇಕು. ಶುಕ್ರವಾರ ಹುಟ್ಟಿದವರು ಶುಕ್ರವಾರ, ಗುರುವಾರದವರು ಗುರುವಾರ. ವರ್ಷವಿಡೀ ಅದೇ ಪದ್ಯ. ಪುಟ್ಟಿಗೆ ಬಂದ ಪದ್ಯ ಇದು:

ಕಲ್ಲಿನ ಕೆಳಗೆ ಒರತೆಯೊಂದು
ಯಾರೂ ಕಾಣದೆ ಹರಿಯುವುದು.
ಕಾಗೆ ಕೂಗಿದರೂ ಬಾರದು, ಗಾಳಿ
ಗದರಿದರೂ ಅದು ಬಾರದು.
ಬಾಯಾರಿ ಬಂದವರ ಬೊಗಸೆ ಕಂಡರೆ
ತಾನೇ ಚಿಮ್ಮಿ ತುಂಬುವುದು.

ಇಂಥ ಪದ್ಯ ಯಾಕೆ ಬಂತು ಎಂದು ನಮ್ಮ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪುಟ್ಟಿಗೆ ಮನೆಯಲ್ಲಿ ಬಾಯಿಗೆ ಬೀಗವಿಲ್ಲ. ದೋಸೆ ತಿರುವಿ ಹಾಕುವುದರೊಳಗೆ ಹತ್ತು ಪ್ರಶ್ನೆ, ಆಟೋದವನಿಗೆ ದಾರಿ ಹೇಳುವುದೂ ಅವಳೇ. ಶಾಲೆಯ ಹೊಸ್ತಿಲು ದಾಟಿದರೆ ಮುಗಿಯಿತು. ಎಲ್ಲರ ಜೊತೆ ಸೇರಿ ಹಾಡುತ್ತಾಳೆ, ಪಕ್ಕದವಳ ಕಿವಿಯಲ್ಲಿ ಪಿಸುಗುಡುತ್ತಾಳೆ. ಒಬ್ಬಳೇ ಬಾಯಿ ತೆರೆದು ಒಂದು ಮಾತು ಆಡಿದ್ದನ್ನು ಸೇರಿದಾಗಿನಿಂದ ಅಲ್ಲಿ ಯಾರೂ ಕೇಳಿಲ್ಲ.

ಇದರಿಂದ ತುಂಬ ಕಂಗೆಟ್ಟವನು ನನ್ನ ಮಗ. ನಾಯಂಡಹಳ್ಳಿಯಲ್ಲಿ ಅವನದೊಂದು ಸಣ್ಣ ಲೇಥ್ ವರ್ಕ್‌ಶಾಪ್ ಇದೆ. ದಿನವೆಲ್ಲ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಮಾತಾಡುವವನಿಗೆ ಮೌನ ಎಂದರೆ ಏನೋ ಕೆಟ್ಟಿದೆ ಎಂದೇ ಲೆಕ್ಕ. "ಅಮ್ಮ, ಅಲ್ಲಿ ಎಲ್ಲ ಮೆತ್ತಗೆ ಮೆತ್ತಗೆ ಅಂತಾರೆ. ಹಿಂಗೇ ಬಿಟ್ರೆ ಇವಳು ಮೂಗಿ ಆಗೋಗ್ತಾಳೆ" ಎಂದು ಒಂದು ದಿನ ರೇಗಿದ. ವಿಜಯನಗರದ ಕಡೆ ಟೈ, ಬೆಲ್ಟು, ಶೂ ಎಲ್ಲ ಇರುವ ದೊಡ್ಡ ಶಾಲೆಯೊಂದರಲ್ಲಿ ಸೀಟು ಮಾತಾಡಿಯೂ ಇಟ್ಟ. ಈ ವರ್ಷ ಮುಗಿಯುವುದರೊಳಗೆ ಮಗು ಬಾಯಿ ಬಿಡದಿದ್ದರೆ ಮುಂದಿನ ವರ್ಷ ಅಲ್ಲಿಗೆ ಎಂದ. ಸೊಸೆಗೂ ಒಳಗೆ ಭಯವಿತ್ತು. ಪುಟ್ಟಿ ಕೇಳಿಸಿಕೊಂಡಳು. ಅಂದು ಮಲಗುವಾಗ ನನ್ನ ಸೆರಗು ಹಿಡಿದುಕೊಂಡು, "ಅಜ್ಜಿ, ಆ ಸ್ಕೂಲಲ್ಲಿ ಹೊಂಗೆ ಮರ ಇದ್ಯಾ?" ಎಂದು ಕೇಳಿದಳು. ನಾಳೆ ನೋಡೋಣ ಎಂದು ಅವಳ ಹೊದಿಕೆ ಸರಿಮಾಡಿದೆ. ಆ ಶಾಲೆ ಬೇಡವೆಂದು ನನಗೂ ಅನ್ನಿಸಿದ್ದು ಅಂದೇ.

ಪದ್ಯವನ್ನು ಅವಳು ಎರಡೇ ದಿನದಲ್ಲಿ ಕಲಿತಳು. ಮನೆಯಲ್ಲಿ ಸ್ನಾನಕ್ಕೆ ಕೂತರೆ ಬಚ್ಚಲು ಹಾರಿಹೋಗುವ ಹಾಗೆ ಹೇಳುತ್ತಿದ್ದಳು. ಆದರೆ ಬುಧವಾರ ಬೆಳಿಗ್ಗೆ, ಬುಧವಾರ ಹುಟ್ಟಿದ ಇನ್ನು ಮೂರು ಮಕ್ಕಳ ಜೊತೆ ಮುಂದೆ ನಿಂತಾಗ, ಉಳಿದ ಮೂವರೂ ತಮ್ಮ ತಮ್ಮ ಪದ್ಯ ಹೇಳಿ ಮುಗಿಸಿದ ಮೇಲೆ ಇವಳ ಸರದಿಗೆ ಕಾಲ ಬೆರಳು ನೋಡುತ್ತಾ ನಿಂತುಬಿಡುತ್ತಿದ್ದಳು. ಅಕ್ಕ ಒತ್ತಾಯ ಮಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಭುಜ ಮುಟ್ಟಿ, ಕೂರಲು ಹೇಳುತ್ತಿದ್ದರು. ಬುಧವಾರದ ಮೇಲೆ ಬುಧವಾರ ಹೀಗೇ ಕಳೆಯಿತು.

ಕಟ್ಟೆಯ ಮೇಲೆ ಕೂತು ಕಿಟಕಿಯಲ್ಲಿ ಇದನ್ನೆಲ್ಲ ನೋಡುತ್ತಿದ್ದ ನನಗೆ ಒಂದು ದಿನ ತಟ್ಟನೆ ಹೊಳೆಯಿತು. ಬುಧವಾರ ಯಾಕೆ? ಪುಟ್ಟಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ಸೊಸೆಯ ಪಕ್ಕ ಇದ್ದವಳು ನಾನು. ಮಗುವಿನ ಅಳು ಕೇಳಿದಾಗ ಕಿಟಕಿಯ ಆಚೆ ಇನ್ನೂ ಕತ್ತಲು, ಹಾಲಿನವನು ಆಗಷ್ಟೇ ಬರುತ್ತಿದ್ದ. ಆಸ್ಪತ್ರೆಯವರಿಗೆ ಮಧ್ಯರಾತ್ರಿಗೇ ದಿನ ಬದಲಾಗುತ್ತದೆ, ಬುಧವಾರ ಎಂದರು. ನಮ್ಮ ಪಂಚಾಂಗಕ್ಕೆ ಸೂರ್ಯ ಹುಟ್ಟಿದರೆ ಮಾತ್ರ ಹೊಸ ವಾರ. ಅಲ್ಲಿಯ ತನಕ ಮಂಗಳವಾರವೇ. ಇಷ್ಟು ವರ್ಷ ನಾನು ಅವಳಿಗೆ ಹುಟ್ಟಿದ ವಾರ ಎಂದು ಮಂಗಳವಾರ ಕೂದಲು ಕತ್ತರಿಸಲು ಬಿಟ್ಟಿಲ್ಲ. ಎಕ್ಸ್‌ಚೇಂಜಿನಲ್ಲಿ ಒಂದು ಪಿನ್ನು ತಪ್ಪು ತೂತಿಗೆ ಹಾಕಿದರೆ ಎಷ್ಟು ಹಲೋ ಎಂದರೂ ಆ ಕಡೆಯಿಂದ ದನಿ ಬರುವುದಿಲ್ಲ. ಇದೂ ಹಾಗೇ, ಮಗುವನ್ನು ತಪ್ಪು ವಾರಕ್ಕೆ ಜೋಡಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಬೇರೆ ಯಾವ ಶಾಲೆಯಲ್ಲಾದರೂ ಈ ಮಾತು ಹೇಳಿದ್ದರೆ ಅಜ್ಜಿಗೆ ಅರಳುಮರುಳು ಎನ್ನುತ್ತಿದ್ದರು. ಇಲ್ಲಿ ಅಕ್ಕ ಕಣ್ಣರಳಿಸಿದರು. "ಹೌದಲ್ವಾ ಅಮ್ಮ! ಸೂರ್ಯ ಹುಟ್ಟೋದನ್ನ ನಾವು ಯೋಚ್ನೇನೇ ಮಾಡಿಲ್ಲ. ಗುರುವಾರ ಮೀಟಿಂಗಲ್ಲಿ ಇಡ್ತೀನಿ" ಎಂದರು. ಆ ಶಾಲೆಗೆ ಹೆಡ್‌ಮಾಸ್ಟರ್ ಇಲ್ಲ. ಗುರುವಾರ ಮಧ್ಯಾಹ್ನ ಅಕ್ಕಂದಿರು, ಅಣ್ಣಂದಿರು ಎಲ್ಲ ವೃತ್ತವಾಗಿ ಕೂತು, ಮೊದಲು ಒಂದು ಹಾಡು ಹೇಳಿ, ಆಮೇಲೆ ನೀರಿನ ಟ್ಯಾಂಕಿನಿಂದ ಹಿಡಿದು ಮಗುವಿನ ಸ್ವಭಾವದವರೆಗೂ ಎಲ್ಲವನ್ನೂ ಮಾತಾಡಿಯೇ ತೀರ್ಮಾನಿಸುತ್ತಾರೆ. ನನ್ನ ಮೊಮ್ಮಗಳ ವಾರ ಎರಡು ಗುರುವಾರ ತೆಗೆದುಕೊಂಡಿತು. ನನ್ನ ಮದುವೆಯ ಮಾತುಕತೆ ಇದಕ್ಕಿಂತ ಬೇಗ ಮುಗಿದಿತ್ತು. ಕೊನೆಗೆ ಮನೆಯವರು ಯಾವುದನ್ನು ಹುಟ್ಟಿದ ವಾರ ಎಂದು ನಡೆಸಿಕೊಂಡು ಬಂದಿದ್ದಾರೋ ಅದೇ ಮಗುವಿನ ವಾರ ಎಂದಾಯಿತು. ನಾನು ಗೆದ್ದೆ. ದಾರಿಯಲ್ಲಿ ಪುಟ್ಟಿಗೆ ಜಿಲೇಬಿ ಕೊಡಿಸಿದೆ.

ಗೆದ್ದ ಖುಷಿಯಲ್ಲಿ ನಾನು ಕೇಳುವುದನ್ನೇ ಮರೆತ ಸಂಗತಿ ಒಂದಿತ್ತು. ಆ ತರಗತಿಯಲ್ಲಿ ಮಂಗಳವಾರ ಹುಟ್ಟಿದ ಬೇರೆ ಮಗುವೇ ಇರಲಿಲ್ಲ. ಬುಧವಾರವಾದರೆ ಪಕ್ಕದಲ್ಲಿ ಮೂವರು ನಿಲ್ಲುತ್ತಿದ್ದರು, ಅವರ ಭುಜದ ಮರೆಯಾದರೂ ಇತ್ತು. ಈಗ ಮಂಗಳವಾರ ಬೆಳಿಗ್ಗೆ ಇಡೀ ತರಗತಿಯ ಎದುರು ನನ್ನ ಪುಟ್ಟಿ ಒಬ್ಬಳೇ. ಮೊದಲ ಮಂಗಳವಾರ ಅವಳು ಮುಂದೆ ಬಂದು ನಿಂತಳು. ಎರಡನೆಯದಕ್ಕೆ ಎದ್ದು ನಿಂತಳು, ಮುಂದೆ ಬರಲಿಲ್ಲ. ಮೂರನೆಯದಕ್ಕೆ ಏಳಲೂ ಇಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಆಯಿತು ನನ್ನ ಪಂಚಾಂಗ. ಮತ್ತೆ ಬುಧವಾರಕ್ಕೆ ಹಾಕಿ ಎಂದು ಯಾವ ಮುಖ ಹೊತ್ತು ಕೇಳುವುದು? ಕೇಳಿದರೂ ಇನ್ನೆರಡು ಗುರುವಾರ ಬೇಕು.

ಅಲ್ಲಿ ತಂದೆ ತಾಯಂದಿರು, ಅಜ್ಜಿಯರು ಕೈಲಾದ ಕೆಲಸ ಮಾಡಿಕೊಡುವ ರೂಢಿ ಇದೆ. ಶನಿವಾರ ಬಂದು ಮರದ ಮೇಜುಗಳಿಗೆ ಎಣ್ಣೆ ಸವರುವವರಿದ್ದಾರೆ, ಕೈತೋಟ ನೋಡಿಕೊಳ್ಳುವವರಿದ್ದಾರೆ. ಮಂಗಳವಾರ ಕೈಕೆಲಸದ ಪೀರಿಯಡ್ಡಿಗೆ ಬಂದು ಮಕ್ಕಳ ಹೆಣಿಗೆಯಲ್ಲಿ ಜಾರಿದ ಕುಣಿಕೆಗಳನ್ನು ಎತ್ತಿಕೊಡುತ್ತೀರಾ ಎಂದು ಅಕ್ಕ ನನ್ನನ್ನು ಕೇಳಿದರು. ಪುಟ್ಟಿಯ ಹತ್ತಿರ ಇರಬಹುದಲ್ಲ ಎಂದು ಒಪ್ಪಿಕೊಂಡೆ.

ಹಾಗೆ ಒಂದು ಮಂಗಳವಾರ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ಯಾರದೋ ಗೋಜಲು ಬಿಡಿಸುತ್ತಿದ್ದೆ. ಮುಂದಿನ ಹಲ್ಲಿಲ್ಲದ ಹುಡುಗನೊಬ್ಬ ಹೆಣಿಗೆಯಿಂದ ತಲೆ ಎತ್ತದೆ ಕೇಳಿದ: "ಅಜ್ಜಿ, ನಿಮ್ದು ಯಾವ ವಾರ?"

ಬಾಯಿ ತೆರೆದೆ. ನನಗೆ ಗೊತ್ತಿರಲಿಲ್ಲ.

ನಾನು ಹುಟ್ಟಿದ್ದು ಕೆಂಗೇರಿಯ ಆಚೆಯ ಹಳ್ಳಿಯೊಂದರಲ್ಲಿ, ಮನೆಯಲ್ಲೇ. ಅವರೆಕಾಯಿ ಕಾಲ, ಹೊರಗೆ ಮಂಜು ಎಂದಷ್ಟೇ ಅಮ್ಮ ಹೇಳುತ್ತಿದ್ದಳು. ಗಂಡುಮಕ್ಕಳಿಗೆ ಜಾತಕ ಬರೆಸಿದ್ದರು, ನನಗೆ ಬರೆಸಲಿಲ್ಲ. ಮದುವೆಗೆ ಹೆಸರಿನ ಮೇಲೆಯೇ ಕೂಡಾವಳಿ ನೋಡಿದರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ತಿಂಗಳ ಯಾವುದೋ ಒಂದು ತಾರೀಕು ಬರೆದುಕೊಂಡರು. ಅದೇ ತಾರೀಕಿನ ಮೇಲೆ ನೌಕರಿ ಹಿಡಿದೆ, ಅದೇ ತಾರೀಕಿನ ಮೇಲೆ ನಿವೃತ್ತಿಯ ಹಾರ ಹಾಕಿಸಿಕೊಂಡೆ. ಇನ್ನೊಬ್ಬರ ವಾರಕ್ಕಾಗಿ ಇಡೀ ಶಾಲೆಯನ್ನು ಎರಡು ಗುರುವಾರ ಕೂರಿಸಿದವಳಿಗೆ ತನ್ನ ವಾರ ಯಾವುದು ಎಂದು ಯೋಚಿಸಲೂ ತೋಚಿರಲಿಲ್ಲ.

"ಗೊತ್ತಿಲ್ಲ ಕಣೋ. ಯಾರೂ ಬರೆದಿಡ್ಲಿಲ್ಲ" ಎಂದೆ.

ಹೆಣಿಗೆಗಳೆಲ್ಲ ನಿಂತವು. ಮನೆಯಿಲ್ಲದವರನ್ನು ನೋಡುವ ಹಾಗೆ ಮಕ್ಕಳು ನನ್ನನ್ನು ನೋಡಿದರು.

"ವಾರಾನೇ ಇಲ್ವಾ?"

"ಆದ್ರೆ ಹುಟ್ಟಿದೀರಾ ತಾನೇ?"

"ಹುಟ್ಟಿದೀನಿ ಕಣಮ್ಮ. ಇಲ್ಲೇ ಕೂತಿದೀನಲ್ಲ!"

ನನಗೊಂದು ವಾರ ಹುಡುಕಲು ಅಲ್ಲೇ ಮಾತುಕತೆ ಶುರುವಾಯಿತು. ಗುರುವಾರ ತುಂಬಿಹೋಗಿದೆ ಎಂದು ಒಬ್ಬಳು. ಹಲ್ಲಿಲ್ಲದ ಹುಡುಗ ತನ್ನದನ್ನೇ ಕೊಡಲು ಬಂದ. "ನಂದು ಭಾನುವಾರ. ಭಾನುವಾರ ಸ್ಕೂಲ್ ಇರಲ್ವಲ್ಲ, ಅದಕ್ಕೆ ಸೋಮವಾರ ಹೇಳ್ತೀನಿ. ಭಾನುವಾರ ಖಾಲಿ ಬಿದ್ದಿದೆ, ತಗೊಳ್ಳಿ" ಎಂದ. ನಗು ಬಂತು. ಅಷ್ಟರಲ್ಲಿ ಪುಟ್ಟಿ ತನ್ನ ಜಾಗದಿಂದ ಎದ್ದು ಬಂದು ನನ್ನ ಕಿವಿಗೆ ಬಾಯಿ ಹಚ್ಚಿದಳು.

"ನನ್ನ ಮಂಗಳವಾರ ತಗೋ. ಅರ್ಧ ನಿಂಗೆ, ಅರ್ಧ ನಂಗೆ."

ಅದನ್ನು ತರಗತಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಅಕ್ಕ ಉಲ್ಲನ್ ಉಂಡೆಯನ್ನು ಪಕ್ಕಕ್ಕಿಟ್ಟರು. "ಹಾಗಾದ್ರೆ ಬರೋ ಮಂಗಳವಾರ ಇಬ್ರೂ ನಿಲ್ಲಿ. ಪದ್ಯಾನೂ ಅರ್ಧರ್ಧ" ಎಂದರು.

ಆ ವಾರ ಮನೆಯಲ್ಲಿ ಪುಟ್ಟಿ ನನ್ನನ್ನು ಪಟ್ಟಾಗಿ ಹಿಡಿದಳು. ಮೊದಲ ನಾಲ್ಕು ಸಾಲು ನನ್ನವು, ಕೊನೆಯ ಎರಡು ಅವಳವು, ಆದರೂ ನಾನು ಪೂರ್ತಿ ಕಲಿಯಬೇಕು. ಸಾರಿಗೆ ಒಗ್ಗರಣೆ ಹಾಕುವಾಗಲೂ ಬಿಡಲಿಲ್ಲ. "ಹಂಗಲ್ಲ ಅಜ್ಜಿ, ಒರತೆ ಅನ್ನುವಾಗ ಮೆತ್ತಗೆ ಅನ್ನು. ಅದು ಕಲ್ಲಿನ ಕೆಳಗೆ ಇರೋದು" ಎಂದು ಗದರುತ್ತಿದ್ದಳು. ಮಗ ವರ್ಕ್‌ಶಾಪಿನಿಂದ ಬಂದವನು ಬಾಗಿಲಲ್ಲೇ ನಿಂತು, "ಏನಮ್ಮ, ನಿನಗೂ ಅಡ್ಮಿಷನ್ ಆಯ್ತಾ?" ಎಂದ. ಅವಳ ಎರಡು ಸಾಲು ಬರುವುದೋ ಇಲ್ಲವೋ ಎಂದು ನಾನು ಅವನಿಗೆ ಹೇಳಲಿಲ್ಲ. ನನಗೇ ನಂಬಿಕೆ ಇರಲಿಲ್ಲ. ಅವಳು ನಿಂತುಬಿಟ್ಟರೆ ಆ ಎರಡನ್ನೂ ನಾನೇ ಹೇಳಿ ಮುಗಿಸಿ ಮಾನ ಉಳಿಸುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ.

ಮಂಗಳವಾರ ಬಂತು. ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ. ಮಕ್ಕಳ ಸಾಲಿನಲ್ಲಿ ನಿಂತಾಗ ಅಕ್ಕ ಪುಟ್ಟಿಯ ಕೈ ಹಿಡಿದು ಒಳಗೆ ಬಿಟ್ಟರು. ಆಮೇಲೆ ನನ್ನ ಕೈಯನ್ನೂ ಹಿಡಿದರು, ಮಕ್ಕಳನ್ನು ನೋಡುವ ಹಾಗೆಯೇ ನನ್ನ ಕಣ್ಣನ್ನೂ ನೋಡಿದರು. ಅಷ್ಟು ಹೊತ್ತು ಯಾರಾದರೂ ನನ್ನನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಪ್ರಾರ್ಥನೆ ಮುಗಿಯಿತು. ಇಬ್ಬರೂ ಕೈ ಹಿಡಿದುಕೊಂಡು ಮುಂದೆ ನಿಂತೆವು. ನಾನು ಜೀವಮಾನವೆಲ್ಲ ಮಾತಾಡಿ ಸಂಬಳ ತಂದವಳು ನಿಜ, ಆದರೆ ಮುಖ ಕಾಣದವರ ಜೊತೆ. ಇಲ್ಲಿ ಎದುರಿಗೆ ಬರೀ ಕಣ್ಣುಗಳು, ಒಂದೂ ಮಿಟುಕುತ್ತಿಲ್ಲ. ಕಲ್ಲಿನ ಕೆಳಗೆ ಒರತೆ ಎಂದು ಶುರು ಮಾಡಿದೆ, ದನಿ ನನ್ನದಲ್ಲ ಎನ್ನಿಸಿತು. ಕಾಗೆಯನ್ನು ದಾಟಿದೆ. ಗಾಳಿ ಎಂದೆ. ಅಷ್ಟೇ. ಆಮೇಲೆ ಗಾಳಿ ಏನು ಮಾಡಿತು ಎಂಬುದೇ ತಲೆಯಲ್ಲಿಲ್ಲ. ಒಗ್ಗರಣೆ ನೆನಪಾಯಿತು, ಸಾಸಿವೆ ನೆನಪಾಯಿತು, ಪದ್ಯ ಮಾತ್ರ ಇಲ್ಲ. ಬೇಕೆಂದೇ ಮರೆತ ಹಾಗೆ ಮಾಡಿದಿರಿ ಎಂದು ಆಮೇಲೆ ಕೆಲವರು ನನ್ನನ್ನು ಹೊಗಳಿದರು. ಆ ಹೊಗಳಿಕೆ ನನಗೆ ಬೇಡ. ನಾನು ನಿಜವಾಗಿಯೂ ಮರೆತಿದ್ದೆ, ನಿಜವಾಗಿಯೂ ಹೆದರಿದ್ದೆ.

ಪಕ್ಕದ ಮನೆಯ ಕುಕ್ಕರ್ ಒಂದು ಸಲ ಕೂಗಿತು. ಅಕ್ಕ ಕಾಯುತ್ತಿದ್ದರು. ನಾನು ಪುಟ್ಟಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಅವಳ ಕಡೆ ನೋಡಿದೆ.

"ಗದರಿದರೂ" ಎಂದಳು ಪಿಸುದನಿಯಲ್ಲಿ.

ನಾನು ತುಟಿ ಅಲ್ಲಾಡಿಸಿದೆ. ಏನೂ ಬರಲಿಲ್ಲ.

"ಗದರಿದರೂ ಅಜ್ಜಿ, ಗದರಿದರೂ!" ಎಂದಳು. ಅದು ಪಿಸುದನಿಯಲ್ಲ, ಬಚ್ಚಲುಮನೆಯ ದನಿ. ತರಗತಿಯ ಕೊನೆಯ ಸಾಲಿನವರು ತಲೆ ಎತ್ತಿದರು. ಇನ್ನು ಈ ಅಜ್ಜಿಯಿಂದ ಆಗುವುದಿಲ್ಲ ಎಂದು ಅವಳಿಗೆ ಅರ್ಥವಾಗಿರಬೇಕು. ಮಕ್ಕಳ ಕಡೆ ತಿರುಗಿ, ಮೊದಲ ಸಾಲಿನಿಂದ ಶುರು ಮಾಡಿದಳು. ಒರತೆಯನ್ನು ಮೆತ್ತಗೆ ಅಂದಳು. ಕಾಗೆ, ಗಾಳಿ ಎರಡನ್ನೂ ದಾಟಿದಳು. ಬೊಗಸೆ ಎನ್ನುವಾಗ ನನ್ನ ಕೈ ಬಿಟ್ಟು ತನ್ನ ಎರಡೂ ಕೈ ಜೋಡಿಸಿ ತೋರಿಸಿದಳು. "ತಾನೇ ಚಿಮ್ಮಿ ತುಂಬುವುದು" ಎಂದು ಮುಗಿಸಿ ನನ್ನ ಕಡೆ ತಿರುಗಿದಳು.

"ಇಷ್ಟೇ ಅಜ್ಜಿ. ಇಷ್ಟಕ್ಕೆ ಹೆದ್ರಿಕೊಂಡ್ಯಾ?"

ಅಕ್ಕ ಚಪ್ಪಾಳೆ ತಟ್ಟಿಸಲಿಲ್ಲ. ಅಲ್ಲಿ ಅದು ರೂಢಿಯಲ್ಲ. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ವಿಜಯನಗರದ ಸೀಟು ಬೇಡ ಎಂದು ಮಗ ತೀರ್ಮಾನಿಸಿದ್ದು ಅಂದು ಸಂಜೆಯೇ. ಆದರೆ ಅದು ನಾನು ಹೇಳಿದ್ದರಿಂದಲ್ಲ. ಅವನು ಊಟಕ್ಕೆ ಕೂತಿದ್ದಾಗ ಪುಟ್ಟಿ ಅವನ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ನನ್ನ ಮೇಲೆ ದೂರು ಹೇಳಿದಳು.

"ಅಪ್ಪ, ಅಜ್ಜಿ ಕ್ಲಾಸಲ್ಲಿ ಬಾಯೇ ಬಿಡ್ಲಿಲ್ಲ. ಸುಮ್ನೆ ನಿಂತಿತ್ತು. ನಾನೇ ಎಲ್ಲಾ ಹೇಳ್ದೆ."

ಮಗ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಆಮೇಲೆ ದನಿ ಸರಿಮಾಡಿಕೊಂಡು, "ಹೌದಾ? ಹಾಗಾದ್ರೆ ಅಜ್ಜಿಗೆ ಬೇರೆ ಸ್ಕೂಲ್ ನೋಡೋಣ್ವಾ?" ಎಂದ.

ಪುಟ್ಟಿ ಗಾಬರಿಯಾಗಿ ನನ್ನ ತೊಡೆಗೆ ಒರಗಿಕೊಂಡಳು.

"ಬೇಡ ಅಪ್ಪ. ಒಂದೊಂದ್ಸಲ ಬರಲ್ಲ ಅಷ್ಟೇ. ಸ್ವಲ್ಪ ಕಾಯ್ಬೇಕು."